ಹಬೆಗೆ ದಾರಿ ಬಿಡಿ

ಏನೂ ತಿಳಿಯದವರ ಬಗ್ಗೆ ನನಗೆ ಸಿಟ್ಟಿಲ್ಲ. ತಿಳಿಯದೆ ಸಲಹೆ ಕೊಡುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಮೆಲ್ಬರ್ನಿನಲ್ಲಿರುವ ಅಂಥವರೆಲ್ಲ ಹುಡುಕಿಕೊಂಡು ಬಂದು ಬಾಕ್ಸ್ ಹಿಲ್‌ನ ನಮ್ಮ ಕಟ್ಟಡದಲ್ಲೇ ಫ್ಲಾಟ್ ಕೊಂಡಿದ್ದಾರೆಂಬುದು ನನ್ನ ಬಹುದಿನದ ಅನುಮಾನ. ನಾನು ಕ್ಲೇಟನ್‌ನಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಹಬೆಯ ಪಾಠ ಹೇಳಿ ನಿವೃತ್ತನಾದವನು. ಹಬೆ ಎಲ್ಲಿ ಹೇಗೆ ವರ್ತಿಸುತ್ತದೆಂದು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಸ್ಪ್ಯಾನರ್ ಹಿಡಿಯುವುದು ಬೇರೆ ಇಲಾಖೆಯವರ ಕೆಲಸ.

ನಮ್ಮದು ಹಳೆಯ ಇಟ್ಟಿಗೆ ಕಟ್ಟಡ. ಒಂದು ಕಾಲದಲ್ಲಿ ನರ್ಸುಗಳ ಹಾಸ್ಟೆಲ್ ಆಗಿತ್ತಂತೆ. ಊರಿನವರೆಲ್ಲ ಚಳಿಗೆ ಬಿಸಿಗಾಳಿ ಊದುವ ಏಸಿಯನ್ನು ಗೋಡೆಗೊಂದರಂತೆ ಹಾಕಿಸಿಕೊಂಡು ಸುಖವಾಗಿದ್ದರೆ ನಮ್ಮಲ್ಲಿ ನೆಲಮಾಳಿಗೆಯಲ್ಲಿ ಬಾಯ್ಲರು, ಕೋಣೆ ಕೋಣೆಯನ್ನೂ ಬೆಚ್ಚಗಿಡಲು ಕಬ್ಬಿಣದ ರೇಡಿಯೇಟರು. ಒಂದು ಪೈಪಿನಲ್ಲಿ ಹಬೆ ಬರುತ್ತದೆ. ಇನ್ನೊಂದರಲ್ಲಿ ತಣಿದ ನೀರೂ ಒಳಗಿದ್ದ ಗಾಳಿಯೂ ವಾಪಸು ಹೋಗುತ್ತವೆ. ಗಾಳಿ ಹೋದರಷ್ಟೇ ಹಬೆಗೆ ಜಾಗ. ತುಂಬಿದ ಬಸ್ಸಿನಲ್ಲಿ ಇಳಿಯುವವರು ಇಳಿಯದೆ ಹತ್ತುವವರು ಹತ್ತುವುದು ಹೇಗೆ? ವಿಷಯ ಇಷ್ಟೇ. ಆದರೆ ಈ ಚಳಿಗಾಲ ಬಾಯ್ಲರು ಗುಡುಗುತ್ತಿದ್ದರೂ ಕಟ್ಟಡದ ರೇಡಿಯೇಟರುಗಳೆಲ್ಲ ಕಲ್ಲಿನಂತೆ ತಣ್ಣಗೆ ಕೂತವು.

ಅದೇ ಹೊತ್ತಿಗೆ ಮಗಳು ಅನಘಾ ಎಳೆಗೂಸನ್ನು ಎತ್ತಿಕೊಂಡು ಸಿಡ್ನಿಯ ಪ್ಯಾರಮಟ್ಟಾದಿಂದ ಬಾಣಂತನಕ್ಕೆ ಬರುವವಳಿದ್ದಳು.

"ಬಾಣಂತಿ ಕೋಣೆ ಬೆಚ್ಚಗಿರ್ಬೇಕು ರೀ. ಇದು ಫ್ರಿಜ್ ಥರ ಇದೆ," ಎಂದಳು ಹೆಂಡತಿ ಸುಮತಿ. ಪ್ಲಗ್ ಹೀಟರು ಹಾಕಿದರೆ ಗಾಳಿ ಒಣಗಿ ಮಗು ಕೆಮ್ಮುತ್ತದೆಂಬುದು ಅವಳ ವಾದ. "ಜೀವಮಾನವೆಲ್ಲ ಹಬೆ ಹಬೆ ಅಂದ್ರಲ್ಲ, ಈಗ ಒಂಚೂರು ತರಿಸಿ ನೋಡೋಣ."

ಕಟ್ಟಡದ ಕಮಿಟಿ ಸೇರಿತು. ಚೇರ್ಮನ್ ಗ್ಯಾರಿ, ಟೈಲ್ಸ್ ಮಾರಿ ನಿವೃತ್ತನಾದವನು, ಪ್ರತಿ ರೇಡಿಯೇಟರಿಗೂ ತೂತು ಕೊರೆದು ಗಾಳಿ ಬಿಡುವ ಮೂತಿಯೊಂದನ್ನು ಕೂರಿಸೋಣ ಎಂದ. ಎರಡು ಪೈಪಿನ ವ್ಯವಸ್ಥೆಗೆ ಹಾಗೆ ಮಾಡುವುದೆಂದರೆ, ಮೂಗು ಕಟ್ಟಿದವನಿಗೆ ಉಸಿರಾಡಲು ಕೆನ್ನೆ ಕೊರೆದಂತೆ. ಕೆಳಗಿನ ಫ್ಲಾಟಿನ ಡಾಕ್ಟರ್ ಶ್ರೀಧರ್ ಮೈಸೂರಿನವರು, ಹೃದಯದ ತಜ್ಞರು. "ಸಿಂಪಲ್ ಸಾರ್, ಎಲ್ಲೋ ಬ್ಲಾಕೇಜ್ ಇದೆ," ಎಂದರು. ಅವರಿಗೆ ಲಿಫ್ಟ್ ನಿಂತರೂ ಬ್ಲಾಕೇಜ್, ಅಳಿಯ ಫೋನ್ ಮಾಡದಿದ್ದರೂ ಬ್ಲಾಕೇಜ್.

"ಸ್ಟೆಂಟ್ ಹಾಕ್ತೀರಾ ಡಾಕ್ಟರೇ?" ಎಂದೆ. ಅವರು ನಕ್ಕರು. ತಿಳಿಯದವರಿಗೆ ನಗು ಬೇಗ ಬರುತ್ತದೆ.

ನಾನು ಮನೆಗೆ ಬಂದು ಶಾಸ್ತ್ರೋಕ್ತವಾಗಿ ಶುರುಮಾಡಿದೆ. ರೇಡಿಯೇಟರಿನ ಕೊನೆಯಲ್ಲಿ ಟ್ರ್ಯಾಪ್ ಎಂಬ ಸಣ್ಣ ಹಿತ್ತಾಳೆ ಡಬ್ಬಿಯಿರುತ್ತದೆ. ನೀರನ್ನೂ ಗಾಳಿಯನ್ನೂ ಬಿಟ್ಟು ಹಬೆಯನ್ನು ತಡೆಯುವ ಬಾಗಿಲು ಕಾಯುವವನು. ಬಾಣಂತಿ ಕೋಣೆಯದನ್ನು ಬಿಚ್ಚಿದೆ. ಒಳಗಿನ ತೆಳು ತಗಡಿನ ಬಿಲ್ಲೆ ಚೆನ್ನಾಗೇ ಇತ್ತು. ಒರೆಸಿ, ಒತ್ತಿ ಕೂರಿಸಿ ಬಿಗಿಮಾಡಿದೆ. ಒಂದನ್ನೇ ನೋಡಿ ತೀರ್ಮಾನಕ್ಕೆ ಬರುವುದು ವಿಜ್ಞಾನವಲ್ಲವಲ್ಲ! ಮನೆಯಲ್ಲಿದ್ದ ಉಳಿದವನ್ನೂ ಅಷ್ಟೇ ಶ್ರದ್ಧೆಯಿಂದ ಬಿಚ್ಚಿ, ಒತ್ತಿ ಕೂರಿಸಿದೆ. ಎಲ್ಲವೂ ಸರಿಯಿದ್ದವು. ಹಾಗಾದರೆ ತೊಂದರೆಯಿರುವುದು ಗಾಳಿ ಕೊನೆಗೆ ಹೊರಬೀಳುವಲ್ಲಿ.

ಮರುದಿನ ಬೆಳಿಗ್ಗೆ ಗ್ಯಾರಿಯನ್ನು ಎಳೆದುಕೊಂಡು ನೆಲಮಾಳಿಗೆಗೆ ಇಳಿದೆ. ಬೇಸಿಗೆಯಲ್ಲಿ ಕಮಿಟಿಯವರು ಉತ್ಸಾಹದಿಂದ ಗೋಡೆ, ಪೈಪು, ಒಂದು ಸತ್ತ ಜೇಡ ಎಲ್ಲಕ್ಕೂ ಕೆನೆಬಣ್ಣ ಬಳಿಸಿದ್ದರು. ವಾಪಸು ಪೈಪಿನ ತುದಿಯಲ್ಲಿ ಗಾಳಿ ಬಿಡುವ ವೆಂಟಿನ ಬಾಯಿಯೂ ಬಣ್ಣದಲ್ಲಿ ಮುಚ್ಚಿಹೋಗಿತ್ತು. ಇಡೀ ಕಟ್ಟಡದ ಗಾಳಿಗೆ ಇದ್ದದ್ದು ಅದೊಂದೇ ಬಾಗಿಲು!

"ನೀಟಾಗಿ ಕಾಣ್ತಿದೆ ಅಲ್ವಾ?" ಎಂದ ಗ್ಯಾರಿ, ಅವನ ಇಂಗ್ಲಿಷಿನಲ್ಲಿ.

"ಹೆಣಾನೂ ನೀಟಾಗೇ ಕಾಣುತ್ತೆ," ಎಂದೆ, ನನ್ನ ಕನ್ನಡದಲ್ಲಿ.

ಬಾಯ್ಲರು ಆರಿಸಿ, ಪ್ಲಂಬರನ್ನು ಕರೆಸಿ ಹೊಸ ವೆಂಟ್ ಹಾಕಿಸಿದ್ದಾಯಿತು. ಮತ್ತೆ ಹೊತ್ತಿಸಿದಾಗ ಅದು ಮಗಳ ಮದುವೆ ಮುಗಿಸಿದ ಅಪ್ಪನಂತೆ ಉದ್ದಕ್ಕೆ ಉಸಿರುಬಿಟ್ಟಿತು. ಮನೆ ಮನೆಯಿಂದಲೂ ಸಂತೋಷದ ಕೂಗು ಕೇಳಿಸಿತು. ನಾನು ಮೆಟ್ಟಿಲ ಬಳಿ ನಿಂತು, ಕೈಗೆ ಸಿಕ್ಕವರಿಗೆಲ್ಲ ಅಜ್ಞಾನದ ಅಪಾಯದ ಬಗ್ಗೆ ಉಪನ್ಯಾಸ ಕೊಟ್ಟೆ.

"ಬ್ಲಾಕೇಜ್ ಅಂದಿದ್ನಲ್ಲ ಸಾರ್!" ಎಂದರು ಡಾಕ್ಟರು.

"ಕಣ್ಮುಚ್ಚಿ ಎಸೆದ ಕಲ್ಲೂ ಒಂದೊಂದ್ಸಲ ಮಾವಿನಕಾಯಿಗೆ ತಗಲುತ್ತೆ ಡಾಕ್ಟರೇ," ಎಂದು ಹೇಳಿ ಮನೆಗೆ ಬಂದೆ.

ಸುಮತಿ ಶಾಲು ಹೊದ್ದು ನಿಂತಿದ್ದಳು. "ಊರಿಗೆಲ್ಲ ಬಿಸಿ. ನಮ್ಮನೇಲಿ ಯಾಕಿಲ್ಲ?"

ಮುಟ್ಟಿ ನೋಡಿದೆ. ಹಬೆ ಬರುವ ತುದಿ ಮಾತ್ರ ಬಿಸಿ, ಮುಂದೆಲ್ಲ ಮಂಜು. ಬಾಯ್ಲರು ನಿಲ್ಲಿಸಿದಾಗ ಗುಟ್ಟಾಗಿ ಟ್ರ್ಯಾಪ್ ಬಿಚ್ಚಿ ನೋಡಿದರೆ, ನಾನು ಒತ್ತಿದ ಭರಕ್ಕೆ ಆ ಬಿಲ್ಲೆ ಸೊಟ್ಟಗಾಗಿ ದಾರಿಗೇ ಅಡ್ಡ ಕಚ್ಚಿಕೊಂಡಿತ್ತು. ಮನೆಯ ಪ್ರತಿ ಟ್ರ್ಯಾಪಿನದೂ ಅದೇ ಗತಿ. ಹೊಸ ಬಿಲ್ಲೆಗಳು ಅಮೆರಿಕದಿಂದ ಬರಬೇಕಂತೆ. "ಗ್ಯಾರಿಗೆ ಹೇಳಿ, ಏನಾದ್ರೂ ಮಾಡ್ತಾನೆ," ಎಂದಳು ಸುಮತಿ. ಅಂಥ ಉಪನ್ಯಾಸ ಕೊಟ್ಟ ಬಾಯಲ್ಲೇ? ಬಿಲ್ಲೆಗಳು ಹಳೆಯವು, ತಾವಾಗಿಯೇ ಕೆಟ್ಟಿವೆ ಎಂದೆ. ಅವಳು ಸ್ಪ್ಯಾನರನ್ನೇ ನೋಡಿದಳು.

ಅನಘಾ ಬಂದಳು. "ಅಪ್ಪಾ, ಸಿಡ್ನಿನೇ ಬೆಚ್ಚಗಿತ್ತು," ಎಂದು ಹಾಸಿಗೆಯಲ್ಲಿ ಮುದುಡಿದಳು. ಮಗುವನ್ನು ನೋಡಲು ಬಂದ ಡಾಕ್ಟರ ಹೆಂಡತಿ ಕೋಟು ಬಿಚ್ಚಲಿಲ್ಲ. ಸಂಜೆಯೊಳಗೆ ಬಾಣಂತಿ, ಮಗು, ಅಂಟಿನುಂಡೆಯ ಡಬ್ಬ, ಜೊತೆಗೆ ಸುಮತಿ ಎಲ್ಲರೂ ಕೆಳಗಿನ ಫ್ಲಾಟಿಗೆ ಇಳಿದುಹೋದರು. "ಸಂಕೋಚ ಬೇಡ ಸಾರ್," ಎಂದರು ಡಾಕ್ಟರು. "ನಿಮ್ಮ ದಯೆಯಿಂದ ಗೆಸ್ಟ್ ರೂಮ್ ಓವನ್ ಥರ ಇದೆ."

ಮೊಮ್ಮಗನನ್ನು ನೋಡಬೇಕಾದರೆ ಈಗ ನಾನು ಅವರ ಬೆಲ್ ಒತ್ತಬೇಕು. ನಿನ್ನೆ ಹೋಗಿ ಆಸೆಯಿಂದ ಕೈ ಚಾಚಿದರೆ ಸುಮತಿ ಮಗುವನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. "ಆ ತಣ್ಣನೆ ಕೈಲಿ ಮುಟ್ಟಬೇಡಿ. ಮೊದ್ಲು ಬೆಚ್ಚಗೆ ಮಾಡ್ಕೊಳ್ಳಿ." ಕಿಟಕಿಯ ಬಳಿ ಹೋಗಿ ಡಾಕ್ಟರ ರೇಡಿಯೇಟರಿನ ಮೇಲೆ ಎರಡೂ ಅಂಗೈ ಹಿಡಿದು ನಿಂತೆ. ಅವರು ಕಾಫಿ ಲೋಟ ಹಿಡಿದು ಪಕ್ಕಕ್ಕೆ ಬಂದರು.

"ಹೇಗಿದೆ ಸಾರ್, ನಮ್ಮನೆ ಹೀಟು?"

"ಪರವಾಗಿಲ್ಲ," ಎಂದೆ.