ಮಷೀನಿನ ಕಾಲಡಿಯ ಫೋನೂ ಕಾಕಾನ ಸಹಿಯೂ

ನಮ್ಮ ಕಾಕಾ ಹುಟ್ಟಿದಾಗಿನಿಂದ ಒಂದೇ ಒಂದು ಸುಳ್ಳು ಹೇಳಿದವರಲ್ಲ. ಇದನ್ನು ಓದಿದ ಕೂಡಲೇ ಕೈಮುಗಿಯಲು ಹೋಗಬೇಡಿ. ಅವರ ಜೊತೆ ಒಂದು ವಾರ ಇದ್ದು ನೋಡಿ, ಆಮೇಲೂ ಕೈ ಮೇಲೆದ್ದರೆ ಮುಗಿಯುವಿರಂತೆ. ಸುಳ್ಳುಗಾರರಿಂದ ಹಾಳಾದ ಮನೆಗಳನ್ನು ನೀವು ಬೇಕಾದಷ್ಟು ಕಂಡಿರಬಹುದು. ಖರೆ ಹೇಳುವ ಒಬ್ಬರಿಂದ ಗಡಗಡ ನಡುಗುವ ಬಳಗವನ್ನು ನೋಡಬೇಕೆಂದರೆ ಬೈಲಹೊಂಗಲಕ್ಕೆ ಬನ್ನಿ, ನಮ್ಮ ಓಣಿ ತೋರಿಸುತ್ತೇನೆ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನದಿಂದಲೇ ಹೇಳುತ್ತೇನೆ. ಬಂದವರು ದೂರದವರಲ್ಲ, ಎರಡು ಓಣಿ ಆಚೆಯವರು. ಗಂಡಿನ ತಾಯಿ ಒಂದು ತುತ್ತು ಬಾಯಿಗಿಟ್ಟು, “ಉಪ್ಪಿಟ್ಟು ಎಷ್ಟು ಉದುರುದುರು ಆಗೇತಿ. ಹುಡುಗೀನಽ ಮಾಡ್ಯಾಳೇನ್ರಿ?” ಅಂದರು. ಅಪ್ಪ ಕೆಮ್ಮಿದರು. ಅವ್ವ ನೀರು ತರುವ ನೆಪದಲ್ಲಿ ಒಳಗೆ ಹೋದಳು. ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ತಾಟು ಕೆಳಗಿಟ್ಟು ಉತ್ತರ ಕೊಟ್ಟರು.

“ಇಲ್ರಿ. ಇದು ಹುಡುಗಿ ಅವ್ವ, ನಮ್ಮ ವೈನಿ ಮಾಡಿದ್ದು. ಹುಡುಗಿ ಮಾಡಿದ್ದನ್ನ ಮುಂಜಾನೆ ಎಮ್ಮಿಗೆ ಹಾಕೇವಿ.”

ಗಂಡಿನ ತಂದೆ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿ, “ಎಮ್ಮಿ ತಿಂತೇನ್ರಿ?” ಎಂದು ಕೇಳಿದರು.

“ಮೂಸಿ ನೋಡಿ ಬಿಡ್ತ್ರಿ.”

ನನಗೆ ನೆಲ ಬಿರಿದು ಒಳಗೆ ಹೋಗುವ ಹಾಗಾಯಿತು. ಆದರೆ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಗಂಡು ಫಕ್ಕನೆ ನಕ್ಕುಬಿಟ್ಟಿತು. ಆ ನಗೆಯಿಂದಲೇ ಲಗ್ನ ಕುದುರಿತು. ಇವತ್ತಿಗೂ ನಾನು ಉಪ್ಪಿಟ್ಟು ಮಾಡಿದರೆ ನಮ್ಮವರು ತಾಟಿಗೆ ಕೈ ಹಚ್ಚುವ ಮೊದಲು, “ಎಮ್ಮಿನ್ನ ಕೇಳೀದೇನು?” ಅನ್ನುತ್ತಾರೆ.

ಕಾಕಾನ ಖರೆಗೆ ಸರಕಾರದವರೂ ಬೆಚ್ಚಿದ್ದುಂಟು. ಪಂಚನಾಮೆ ಅಂದರೆ ಗೊತ್ತಲ್ಲ? ಊರಿನ ಹಿರಿಯರು ನಾಲ್ಕೈದು ಜನ ಸ್ಥಳಕ್ಕೆ ಹೋಗಿ, ಕಂಡದ್ದನ್ನು ಕಂಡೆವೆಂದು ಬರೆದು ಸಹಿ ಹಾಕುವುದು. ಹೆಚ್ಚಿನವರು ಚಹಾ ಕುಡಿದು ಸಹಿ ಹಾಕಿ ಮನೆಗೆ ಬರುತ್ತಾರೆ. ಕಾಕಾ ಹಾಗಲ್ಲ. ಸಂಗೊಳ್ಳಿ ಕಡೆಯ ಒಂದು ಹೊಲದ ಅಳತೆಗೆ ಕರೆದಿದ್ದರು. ಕಾಗದದಲ್ಲಿ ‘ನಾಲ್ಕೂ ಗಡಿಕಲ್ಲು ನೋಡಿದೆವು’ ಎಂದಿತ್ತು. ಮೂರು ಕಂಡಿದ್ದವು. ನಾಲ್ಕನೆಯದು ಜಾಲಿಕಂಟಿಯ ಒಳಗಿದೆಯೆಂದು ಎಲ್ಲರೂ ಹೇಳಿದರು. ಕಾಕಾ ಧೋತರ ಎತ್ತಿ ಕಟ್ಟಿ ಕಂಟಿಯೊಳಗೆ ನುಗ್ಗಿದರು. ಕಲ್ಲು ಅಲ್ಲಿರಲಿಲ್ಲ. ಪಕ್ಕದ ಹೊಲದವರ ಬಚ್ಚಲಿನಲ್ಲಿ ಅರಿವೆ ಒಗೆಯುವ ಕಲ್ಲಾಗಿ ಸುಖವಾಗಿತ್ತು. ಕಾಕಾನ ಹೆಂಡತಿ, ನಮ್ಮ ಕಾಕು, ಎರಡು ದಿನ ಕುಳಿತು ಅವರ ಬೆನ್ನಿನ ಮುಳ್ಳು ತೆಗೆದರು. ಪಂಚನಾಮೆಗೆ ಕಾಕಾನನ್ನು ಕರೆಯುವುದು ಅಲ್ಲಿಗೆ ನಿಂತಿತು.

ಇಂಥವರ ಹೆಸರಿನಲ್ಲಿ ಫೋನಿಗೆ ವಿಮೆ ಮಾಡಿಸಬಾರದು. ಇದು ನನಗೆ ತಡವಾಗಿ ತಿಳಿಯಿತು.

ಕಾಕು ಕುಬಸ ಹೊಲಿಯುವುದರಲ್ಲಿ ಎತ್ತಿದ ಕೈ. ಸವದತ್ತಿ, ಮುನವಳ್ಳಿಯ ಹೆಣ್ಣುಮಕ್ಕಳು ಬೇಕಾದ ಡಿಸೈನಿನ ಫೋಟೋವನ್ನು ಫೋನಿಗೆ ಕಳಿಸುತ್ತಾರೆ. ಕಾಕು ಫೋನನ್ನು ಮಷೀನಿಗೆ ಒರಗಿಸಿ, ಅದನ್ನು ನೋಡುತ್ತ ಹೊಲಿಯುತ್ತಾರೆ. ಹಾಗಾಗಿ ಫೋನು ಅವರಿಗೆ ಸೂಜಿ, ಕತ್ತರಿಯಷ್ಟೇ ಬೇಕಾದದ್ದು. ದೊಡ್ಡ ಪರದೆಯ ಹೊಸ ಫೋನು ಕೊಳ್ಳಲು ಹೋದಾಗ ನಾನೂ ಜೊತೆಗಿದ್ದೆ. ಅಂಗಡಿಯಾತ ಕಾಕಾನ ಹೆಸರಿಗೆ ಬಿಲ್ ಬರೆಯುತ್ತ, “ಕಾಕಾರ, ವಿಮಾ ಮಾಡಸ್ತೀರೇನ್ರಿ? ವರ್ಷದಾಗ ಗ್ಲಾಸ್ ಒಡದ್ರ ಕಂಪನಿಯವರಽ ಹೊಸಾದು ಹಾಕಿಕೊಡತಾರ,” ಅಂದ.

“ಒಡಿಲಿಲ್ಲಂದ್ರ?”

“ಒಡಿಲಿಲ್ಲಂದ್ರ ಏನೂ ಇಲ್ರಿ.”

“ಅಂದ್ರ ಒಡೀಲೆಪ್ಪಾ ಅಂತ ದಿನಾ ದೇವರಿಗೆ ಕೈಮುಗೀಬೇಕು.”

ಅಂಗಡಿಯಾತ ನನ್ನ ಮುಖ ನೋಡಿದ. ಕಾಕು ಮುಂದೆ ಬಂದರು. “ಮಾಡ್ರಿ ನೀವು. ಇವರ ಜೋಡಿ ನಲವತ್ತು ವರ್ಷ ಯಾವ ವಿಮಾನೂ ಇಲ್ಲದ ಸಂಸಾರ ಮಾಡೇನಿ. ಫೋನಿಗರೆ ಇರ್ಲಿ.”

ಎಂಟು ತಿಂಗಳು ಫೋನು ಸುಖವಾಗಿತ್ತು. ಕಾಕುವಿನ ಹೊಲಿಗೆ ಮಷೀನಿನ ಒಂದು ಕಾಲು ಗಿಡ್ಡ. ತುಳಿದಾಗಲೆಲ್ಲ ಲಟಲಟ. ಅದರ ಕೆಳಗೊಂದು ಮಡಚಿದ ರಟ್ಟು ಇರುತ್ತಿತ್ತು. ಅವತ್ತು ಕಸ ಗುಡಿಸುವಾಗ ರಟ್ಟು ಎಲ್ಲಿಗೋ ಹೋಗಿತ್ತು. ಕಾಕು ಹಾಲು ಇಳಿಸಲು ಒಳಗೆ ಹೋದಾಗ ಕಾಕಾನಿಗೆ ಹೆಂಡತಿಗೆ ನೆರವಾಗುವ ಹುರುಪು ಬಂತು. ಅತ್ತಿತ್ತ ನೋಡಿದರು. ಪಾಸ್‌ಬುಕ್ಕಿನ ಹಾಗೆ ಮುಚ್ಚುವ ಕವರಿನ, ಚಪ್ಪಟೆಯ, ಅಳತೆಗೆ ಸರಿಯಾದ ಒಂದು ವಸ್ತು ಕಂಡಿತು. ಮಷೀನಿನ ಕಾಲಡಿ ಸೇರಿಸಿದರು. ಕಾಕು ಬಂದು ಕುಳಿತು ತುಳಿದರು. ಕಟ್ ಎಂದಿತು.

“ನೋಡು, ಅಳ್ಳಾಡೂದು ನಿಂತಿತು,” ಅಂದರು ಕಾಕಾ.

ಆಗ ಮಷೀನಿನ ಕಾಲಡಿಯಿಂದ ಫೋನು ರಿಂಗಾಯಿತು. ಮಾಡಿದ್ದು ನಾನು. ಕಾಕು ಅದನ್ನು ಹೊರಗೆಳೆದು ಎತ್ತಿದರೂ ಆ ಕಡೆಯಿಂದ ಹಲೋ ಬರಲಿಲ್ಲ. ಕಾಕುವಿನ ಒಂದು ಚೀರಾಟ ಮಾತ್ರ ಕೇಳಿಸಿತು. ನಾನು ಒಲೆ ಆರಿಸಿ ಓಡಿದೆ.

ಅಂಗಡಿಯಾತ ಫೋನನ್ನು ತಿರುವಿ ನೋಡಿ, ಮೇಲಿನ ಗಾಜಷ್ಟೇ ಅಲ್ಲ, ಡಿಸ್‌ಪ್ಲೇಯನ್ನೇ ಬದಲಿಸಬೇಕು ಅಂದ. ಅವನು ಹೇಳಿದ ಬೆಲೆ ಕೇಳಿ ನಾನು ಸ್ಟೂಲು ಎಳೆದುಕೊಂಡು ಕುಳಿತೆ. “ಚಿಂತಿ ಯಾಕ, ವಿಮಾ ಐತಲ್ಲ,” ಎಂದು ಅವನೇ ಕಂಪನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವ ಹಾಗೆ ಮಾಡಿ ಕಾಕಾನ ಮುಂದಿಟ್ಟ. ಆ ಕಡೆಯಿಂದ ಒಬ್ಬ ಹುಡುಗಿಯ ದನಿ.

“ಸರ್, ಫೋನ್ ಹೇಗೆ ಬಿತ್ತು?”

“ಬಿದ್ದಿಲ್ರಿ. ಅದು ನೆಲದ ಮ್ಯಾಲಽ ಇತ್ತು.”

“ನೆಲದ ಮೇಲಿದ್ದದ್ದು ಹೇಗೆ ಒಡೀತು ಸರ್?”

“ಅದರ ಮ್ಯಾಲ ಹೊಲಿಗಿ ಮಷೀನ್ ನಿಂತಿತ್ರಿ.”

ಹುಡುಗಿ ಪಾಪ, ಒಳ್ಳೆಯವಳು. ತಾನೇ ದಾರಿ ತೋರಿಸಿದಳು. “ಗೊತ್ತಿಲ್ಲದೆ ಆಗಿದ್ದು ಅಲ್ವಾ ಸರ್? ಅದು ಫೋನು ಅಂತ ನಿಮಗೆ ಗೊತ್ತೇ ಇರಲಿಲ್ಲ?”

ನಾನು, ಕಾಕು, ಅಂಗಡಿಯಾತ ಮೂವರೂ ಕಾಕಾನತ್ತ ನೋಡಿ ಹೌದೆಂದು ತಲೆಯಾಡಿಸಿದೆವು. ಕಾಕಾ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿ ಯೋಚಿಸಿದರು.

“ಇಡೂ ಮುಂದ, ಇದು ಫೋನ್ ಇರಬೌದೇನೋ ಅಂತ ಒಂದು ಸಂಶೆ ಬಂದಿತ್ರಿ.”

“ಆದ್ರೂ ಇಟ್ರಾ ಸರ್?”

“ಕಾಲು ಭಾಳ ಕುಂಟತಿತ್ರಿ.”

ಕಾಕು ಹಣೆ ಹಿಡಿದುಕೊಂಡರು. ಬೇಕೆಂದೇ ಮಾಡಿದ್ದಾದರೆ ವಿಮೆ ಸಿಗುವುದಿಲ್ಲ, ತಾನು ಇನ್ನೂ ಏನನ್ನೂ ಬರೆದುಕೊಂಡಿಲ್ಲ, ಒಂದು ವಾರದೊಳಗೆ ಯೋಚಿಸಿ ಫಾರ್ಮಿನಲ್ಲಿ ಕಾರಣ ಬರೆದು ಸಹಿ ಹಾಕಿ ಅಂಗಡಿಗೆ ಕೊಟ್ಟರೆ ಸಾಕು ಎಂದು ಹುಡುಗಿ ಹೇಳಿದಳು.

“ಒಂದು ವಾರ ಯೋಚನಿ ಮಾಡಿ ಬರದದ್ದು ಕಾರಣ ಹೆಂಗಾಕ್ಕತಿ ತಂಗಿ?” ಎಂದು ಕಾಕಾ ಕೇಳಿದರು. ಅವಳು ನಗುತ್ತ ಫೋನಿಟ್ಟಳು.

ಅಂಗಡಿಯಾತ ಫಾರ್ಮು ಮುಂದೆ ಹಿಡಿದ. “ಕೈ ಜಾರಿ ಬಿತ್ತು. ಮೂರಽ ಶಬ್ದ ಕಾಕಾರ. ಊರ ಮಂದಿಯೆಲ್ಲಾ ಅದನ್ನಽ ಬರೀತಾರ.”

“ಊರ ಮಂದಿ ಕೈ ಎಲ್ಲಾ ಅಷ್ಟು ಜಾರತಾವೇನು?” ಎನ್ನುತ್ತ ಕಾಕಾ ಫಾರ್ಮು ಮಡಚಿ ಜೇಬಿಗಿಟ್ಟು ಚಪ್ಪಲಿ ಮೆಟ್ಟಿದರು.

ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಆದರೆ ಕೈಯಲ್ಲಿ ಹಿಡಿದ ಹೊಲಿಗೆ ನಿಲ್ಲಿಸುವಂತಿರಲಿಲ್ಲ. ಮುನವಳ್ಳಿಯ ಒಬ್ಬ ಹುಡುಗಿ ತಮ್ಮನ ಲಗ್ನಕ್ಕೆ ಕುಬಸ ಹೊಲಿಯಲು ಕೊಟ್ಟಿದ್ದಳು. ಒಡೆದ ಫೋನಿನಲ್ಲೇ ಅದರ ಬೆನ್ನಿನ ಡಿಸೈನು ನೋಡಿ ಕಾಕು ಎರಡು ದಿನ ಕಣ್ಣು ಕಿರಿದು ಮಾಡಿ ಹೊಲಿದರು. ಮೂರನೆಯ ದಿನ ಹುಡುಗಿ ಬಂದಾಗ ನಾನೂ ಅಲ್ಲೇ ಇದ್ದೆ. ಅವಳು ಕುಬಸ ಬಿಡಿಸಿದಳು. ನಮ್ಮಿಬ್ಬರ ಬಾಯಿಯೂ ತೆರೆದದ್ದು ತೆರೆದೇ ಉಳಿಯಿತು. ಎಡಭುಜದಿಂದ ಬಲಸೊಂಟದವರೆಗೆ, ನಡುನಡುವೆ ಕವಲೊಡೆದ, ಜರಿ ಪೈಪಿಂಗಿನ ಒಂದು ಸೊಟ್ಟ ಗೆರೆ.

“ಕಾಕು, ಇದೇನ್ರಿ? ಮಲಪ್ರಭಾ ಹೊಳಿ ನಕಾಶೆ ಹೊಲದೀರೇನು?”

“ನೀನಽ ಕಳಿಸೀದಿ, ನೋಡಿಲ್ಲೆ,” ಎಂದು ಕಾಕು ಫೋನು ತೋರಿಸಿದರು. ಗೆರೆ ಅಲ್ಲಿತ್ತು. ಹುಡುಗಿ ತನ್ನ ಫೋನು ತೆಗೆದಳು. ಗೆರೆ ಅದರಲ್ಲಿರಲಿಲ್ಲ. ಕಾಕು ಬಿರುಕನ್ನೇ, ಒಂದು ಕವಲೂ ಬಿಡದೆ, ಅಚ್ಚುಕಟ್ಟಾಗಿ ಹೊಲಿದಿದ್ದರು.

ಕಾಕಾ ಎರಡೂ ಫೋನು ಹಿಡಿದು, ಕುಬಸ ಹರಡಿ, ಬೆರಳಿಟ್ಟು ನೋಡಿ ತೀರ್ಪು ಕೊಟ್ಟರು. “ಈಕಿ ಕಳಿಸಿದ್ರಾಗ ಗೆರಿ ಇಲ್ಲ. ತಪ್ಪು ನಿಂದಽ.”

ನನಗೆ ಅವರ ಬಾಯಿಗೆ ಕುಬಸವನ್ನೇ ತುರುಕುವಷ್ಟು ಸಿಟ್ಟು ಬಂತು. ಕಾಕು ಹುಡುಗಿಯನ್ನು ಸಮಾಧಾನ ಮಾಡಿ ಕಳಿಸಿ, ಪೈಪಿಂಗಿನ ಒಂದೊಂದೇ ಎಳೆ ಬಿಚ್ಚಿ ಬೇರೆ ಹೊಲಿದು ಕೊಟ್ಟರು. ಆಮೇಲೆ ಮಷೀನಿಗೆ ಬಟ್ಟೆ ಮುಚ್ಚಿದರು. ಗಂಡನ ಜೊತೆ ಮಾತು ಬಿಟ್ಟರು. ತಾಟಿನಲ್ಲಿ ಎರಡು ರೊಟ್ಟಿ ಬಡಿಸಿ ಎದ್ದು ಹೋಗುವರು. ಇನ್ನೊಂದು ಹಾಕಲೇ ಎಂದು ಕೇಳುವುದಿಲ್ಲ. “ಹಸಿವಿ ಇನ್ನೂ ಐತಿ,” ಎಂದು ಕಾಕಾ ಗೋಡೆಗೆ ಹೇಳಿ ಕೈ ತೊಳೆಯುವರು. ಬಂದ ಗಿರಾಕಿಗಳನ್ನೆಲ್ಲ ಕಾಕು ಬಾಗಿಲಿನಿಂದಲೇ ತಿರುಗಿ ಕಳಿಸುತ್ತಿದ್ದರು. ನಾನು ರೊಕ್ಕ ಕೊಡುತ್ತೇನೆಂದರೆ, “ವಿಮಾ ಇದ್ದು ನಿನ್ನ ಕಡೆ ಯಾಕ ಇಸ್ಕೊಳ್ಳಿ? ಒಂದು ಸಹಿ ಮಾಡಂದ್ರ ಮಾಡಲಾರದವರು ಮನ್ಯಾಗ ಅದಾರ,” ಅಂದರು.

ವಾರದ ಕೊನೆಯ ದಿನ ಮುಂಜಾನೆ ಕಾಕಾ ಹೊಸ ಅಂಗಿ ತೊಟ್ಟು ನಮ್ಮ ಬಾಗಿಲಿಗೆ ಬಂದು ನಿಂತರು.

“ನಡಿ ಮಗಳ. ಸಹಿ ಮಾಡಿ ಬರೂಣು. ಮನ್ಯಾಗ ಮಷೀನಿನ ಸಪ್ಪಳ ಇಲ್ಲದ ಕುಂದರಾಕ ಆಗವಲ್ದು.”

ಎಮ್ಮೆಯ ವಿಷಯ ಹೇಳಿದಾಗಲೂ ನಾನು ಇಷ್ಟು ದಂಗಾಗಿರಲಿಲ್ಲ. ಕಾಕುವನ್ನು ಕರೆದುಕೊಂಡು ಮೂವರೂ ಅಂಗಡಿಗೆ ಹೋದೆವು. ಕಾಕಾ ಫಾರ್ಮು ಬಿಡಿಸಿ, ಪೆನ್ನು ತೆಗೆದು, ಕಾರಣ ಬರೆಯುವ ಜಾಗದಲ್ಲಿ ‘ಕೈ’ ಎಂದು ಬರೆದರು. ಅಷ್ಟಕ್ಕೇ ಪೆನ್ನು ನಿಂತಿತು. ‘ಜಾ’ ಎಂದು ಬರೆಯುವಷ್ಟರಲ್ಲಿ ಕಾಕು ಫಾರ್ಮನ್ನು ಎಳೆದುಕೊಂಡು ನಾಲ್ಕು ತುಂಡು ಮಾಡಿಬಿಟ್ಟರು.

“ಗ್ಲಾಸ್ ನನ್ನ ಹೊಲಿಗಿ ರೊಕ್ಕದಾಗ ಹಾಕ್ರಿ,” ಎಂದು ಅಂಗಡಿಯಾತನಿಗೆ ಹೇಳಿದರು.

“ಕಾಕು, ಇದಕ್ಕಽ ಅಲ್ಲೇನು ಇಷ್ಟು ದಿನ ಮಾತು ಬಿಟ್ಟಿದ್ರಿ?” ಅಂದೆ ನಾನು.

ಕಾಕು ನನ್ನತ್ತ ತಿರುಗಿದರು. ದನಿ ತೀರ ಸಣ್ಣದಾಗಿತ್ತು. “ನೀ ಆಗ ಸಣ್ಣಾಕಿ, ನಿನಗ ಗೊತ್ತಿಲ್ಲ. ನನಗ ಮಕ್ಕಳಾಗೂದಿಲ್ಲ ಅಂತ ಡಾಕ್ಟರ್ ಹೇಳಿದ ಮ್ಯಾಲ ನಮ್ಮತ್ತಿ ಇವರಿಗೆ ಇನ್ನೊಂದು ಲಗ್ನ ಮಾಡ್ಕೋ ಅಂದ್ರು. ಮಂದಿ ಎಲ್ಲಾ ಕುಂತಿದ್ರು. ‘ನನಗೇನೂ ಕಡಿಮಿ ಅನಸಿಲ್ಲ’ ಅಂದ್ರು ಇವರು. ಬ್ಯಾರೆ ಯಾರರೆ ಅಂದಿದ್ರ, ನನ್ನ ಸಮಾಧಾನಕ್ಕ ಅಂದಾರ ಅಂತಿದ್ದೆ. ಇವರು ಅಂದಾರಂದ್ರ ಖರೇನಽ ಅಂತ ಇಷ್ಟು ವರ್ಷ ನಿಶ್ಚಿಂತಿ ಬದುಕೇನಿ. ಇವತ್ತು ಒಂದು ಗ್ಲಾಸಿನ ಸಲುವಾಗಿ ಸುಳ್ಳು ಬರದ್ರ, ಆ ಮಾತಿನ ಮ್ಯಾಲೂ ನನಗ ಸಂಶೆ ಬರೂದಿಲ್ಲೇನು?”

ಅಂಗಡಿಯಾತನ ಕೈಯ ಸ್ಕ್ರೂಡ್ರೈವರು ಹಾಗೇ ನಿಂತಿತ್ತು. ಕಾಕಾ ಪೆನ್ನನ್ನು ಮುಚ್ಚಳ ಹಾಕದೆ ಜೇಬಿಗಿಟ್ಟರು.

“ಅವತ್ತು ಅದು ಖರೆ ಇರಲಿಲ್ಲ,” ಅಂದರು.

ಕಾಕು ಅಲುಗಲಿಲ್ಲ.

“ಅವ್ವ ಅಳಾಕತ್ತಿದ್ಲು. ನೀ ಬಾಗಲದಾಗ ನಿಂತಿದ್ದಿ. ನಿನ್ನ ಮಾರಿ ನೋಡಿ ಅಂದ್ಬಿಟ್ಟೆ. ಮನಸಿನ್ಯಾಗ ಭಾಳ ಕಡಿಮಿ ಅನಸತಿತ್ತು. ಆ ಮಾತು ಖರೆ ಆಗಾಕ ನಾಕೈದು ವರ್ಷ ಹಿಡೀತು.”

“ಆಮ್ಯಾಲ?” ಅಂದರು ಕಾಕು.

“ಆಮ್ಯಾಲೇನು. ಮತ್ತ ಯಾವತ್ತೂ ಅನಸಿಲ್ಲ.”

ಜೇಬಿನ ಪೆನ್ನಿನಿಂದ ಮಸಿ ಇಳಿದು ಹೊಸ ಅಂಗಿಯ ಮೇಲೆ ಹರಡತೊಡಗಿತ್ತು. ಕಾಕು ಅಂಗಡಿಯಾತನ ನೀರಿನ ಬಾಟಲಿ ತೆಗೆದುಕೊಂಡು ಸೆರಗಿನ ತುದಿ ಒದ್ದೆ ಮಾಡಿದರು. ಗಂಡನ ಎದೆಯ ಮೇಲೆ ಅಂಗೈಯಿಟ್ಟು ಮಸಿ ಒರೆಸುತ್ತ, “ಅಳ್ಳಾಡಬ್ಯಾಡ್ರಿ,” ಅಂದರು.