ಕೊರಳಲ್ಲಿ ಟೇಪು, ಬಾಯಲ್ಲಿ ಸೀಟಿ

ಕೆಲವರ ಮನೆಗೆ ನೆಂಟರು ಬರುತ್ತಾರೆ, ಕೆಲವರ ಮನೆಗೆ ಕಾಯಿಲೆ ಬರುತ್ತದೆ. ನಮ್ಮ ಮನೆಗೆ ಬರುವುದು ಜಗಳ; ಅದೂ ಊರವರ ಜಗಳ, ವಾರಕ್ಕೊಂದರಂತೆ. ಕಾರಣ ನಮ್ಮ ಯಜಮಾನರು. ವಾರವೆಲ್ಲ ಮಾದಾಪುರದ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಾರೆ, ಭಾನುವಾರ ಫುಟ್‌ಬಾಲ್ ಆಟಕ್ಕೆ ರೆಫರಿಯಾಗುತ್ತಾರೆ. ಬೆಂಗಳೂರಿನಲ್ಲಿ ಪಲ್ಟಣದ ಬಟ್ಟೆ ಹೊಲಿಯುತ್ತಿದ್ದಾಗ ಸೋಲ್ಜರುಗಳಿಂದ ಆಟದ ಕಾನೂನನ್ನೂ ಒಂದು ಹಿತ್ತಾಳೆ ಸೀಟಿಯನ್ನೂ ಸಂಪಾದಿಸಿಕೊಂಡು ಬಂದವರು. ನಮ್ಮ ಕೊಡಗು ರಾಜ್ಯಕ್ಕೆ ಮಂತ್ರಿಗಳೇ ಇಬ್ಬರು. ಈ ಸುತ್ತಿನ ಎಸ್ಟೇಟುಗಳಿಗೆಲ್ಲ ರೆಫರಿ ಇವರೊಬ್ಬರೇ. ಮಂತ್ರಿಗಳನ್ನು ಬೈಯಬೇಕಾದರೆ ಮಡಿಕೇರಿಗೆ ಬಸ್ಸು ಹತ್ತಬೇಕು. ಇವರನ್ನು ಬೈಯಲು ನಮ್ಮ ಜಗಲಿ ಹತ್ತಿದರೆ ಸಾಕು.

೧. ಕಿತ್ತಳೆಯ ನ್ಯಾಯ

ಒಂದು ಶನಿವಾರ ಪೇಟೆ ಟೀಮಿನವರು ಒಂದು ಬುಟ್ಟಿ ಕಿತ್ತಳೆ ತಂದು ಜಗಲಿಯಲ್ಲಿಟ್ಟು, "ಮಗುವಿಗೆ ಅಕ್ಕಾ" ಎಂದು ಹೋದರು. ಮರುದಿನ ಅವರಿಗೂ ಹಟ್ಟಿಹೊಳೆ ಕಡೆಯವರಿಗೂ ಆಟ. ಯಜಮಾನರು ಬಂದು ನೋಡುವಷ್ಟರಲ್ಲಿ ನಮ್ಮ ಎರಡು ವರ್ಷದ ಮಗಳು ಎರಡು ಹಣ್ಣು ಮುಗಿಸಿ ಮೂರನೆಯದರ ಸಿಪ್ಪೆಗೆ ಕೈಹಾಕಿದ್ದಳು.

"ಇದು ಲಂಚ ಮಾರಾಯ್ತಿ! ತಿನ್ನಲು ಯಾಕೆ ಬಿಟ್ಟೆ?"

"ಅವಳಿಗೇನು ಗೊತ್ತು ರೀ, ಹಣ್ಣಿನ ಮೇಲೆ ಪೇಟೆ ಟೀಮು ಅಂತ ಬರೆದಿದೆಯಾ?"

ಬುಟ್ಟಿಯನ್ನು ಹೊತ್ತುಕೊಂಡು ಹೋಗಿ ವಾಪಸು ಕೊಟ್ಟು ಬಂದರು. ಆದರೆ ತಿಂದ ಎರಡು ಹಣ್ಣು ಮಗುವಿನ ಹೊಟ್ಟೆಯೊಳಗಿವೆಯಲ್ಲ? ರಾತ್ರಿಯೆಲ್ಲ ಹೊರಳಾಡಿದರು. ಬೆಳಿಗ್ಗೆ ಎದ್ದವರೇ ಎದುರು ಟೀಮಿನ ಕ್ಯಾಪ್ಟನ್ ಮನೆಗೆ ನಡೆದು ಹೋಗಿ, "ನಿಮ್ಮ ಕಡೆಯಿಂದಲೂ ಎರಡು ಕಿತ್ತಳೆ ಕೊಡಿ, ಲೆಕ್ಕ ಸರಿಹೋಗಲಿ" ಎಂದು ಕೇಳಿ ತಂದು ಮಗಳಿಗೆ ತಿನ್ನಿಸಿದರು. ಆಟ ಯಾರೂ ಗೆಲ್ಲದೆ ಮುಗಿಯಿತು. ಮಗುವಿನ ಹೊಟ್ಟೆ ಮಾತ್ರ ಯಾವ ಪಕ್ಷಪಾತವೂ ಇಲ್ಲದೆ ಕೆಟ್ಟಿತು.

೨. ಐದು ದಿನದಲ್ಲಿ ಬೆಳೆದ ಎದೆ

ಇಲ್ಲಿನ ದೊಡ್ಡ ಎಸ್ಟೇಟೊಂದರ ಸಾಹುಕಾರರಿಗೆ ಫುಟ್‌ಬಾಲ್ ಹುಚ್ಚು. ಗೆದ್ದವರಿಗೆ ಕಪ್ಪು ಕೊಡುವವರು ಅವರೇ, ಅದನ್ನು ಗೆಲ್ಲಬೇಕೆನ್ನುವವರೂ ಅವರೇ. ಎಸ್ಟೇಟಿನಲ್ಲಿ ಕೆಲಸ ಮಾಡುವವರು ಮಾತ್ರ ಅವರವರ ಎಸ್ಟೇಟಿನ ಪರ ಆಡಬೇಕೆಂದು ನಿಯಮ ಬರೆಸಿದವರೂ ಅವರೇ. ಆದರೂ ಒಂದು ಆಟಕ್ಕೆ ಮಾಕುಟ್ಟದ ಗಡಿಯಾಚೆ ಮಲಬಾರಿನಿಂದ ಒಬ್ಬ ಆಟಗಾರನನ್ನು ದುಡ್ಡು ಕೊಟ್ಟು ಕರೆಸಿ, ತಮ್ಮ ತೋಟ ಕಾಯುವ ವಾಚರನ ಹೆಸರಿನಲ್ಲಿ ಇಳಿಸಿದರು.

ಟೀಮಿನ ಶರ್ಟುಗಳನ್ನೆಲ್ಲ ಹೊಲಿದದ್ದು ಯಾರು? ನಮ್ಮವರು. ಆಟ ಶುರುವಾಗುವ ಮೊದಲೇ ಸೀಟಿ ಊದಿ ಆ ಮನುಷ್ಯನ ಮುಂದೆ ನಿಂತರು. ಅವನ ಶರ್ಟಿನ ಗುಂಡಿಗಳು ಈಗಲೋ ಆಗಲೋ ಹಾರುವಂತಿದ್ದವು.

"ಮಂಗಳವಾರ ವಾಚರನ ಎದೆ ಮೂವತ್ತೆರಡು ಇಂಚು ಇತ್ತು. ಇದು ಮೂವತ್ತೆಂಟು."

"ಎಸ್ಟೇಟಿನ ಊಟ ಅಂಥದ್ದು ಸಾರ್" ಎಂದ ಕ್ಯಾಪ್ಟನ್.

"ಊಟಕ್ಕೆ ಹೊಟ್ಟೆ ಬರುತ್ತದಪ್ಪ, ಎದೆ ಬರುವುದಿಲ್ಲ. ಏನಪ್ಪಾ, ನಿನ್ನ ಹೆಸರೇನು?"

ಆತ ಗಾಬರಿಯಾಗಿ ಕ್ಯಾಪ್ಟನ್ ಕಡೆ ತಿರುಗಿ, "ನನ್ನ ಹೆಸರೇನು?" ಎಂದು ಮಲಯಾಳದಲ್ಲಿ ಅವನನ್ನೇ ಕೇಳಿದ.

ಅಷ್ಟರಲ್ಲಿ ನಿಜವಾದ ವಾಚರ್ ಗೆರೆಯ ಪಕ್ಕದಲ್ಲಿ ಬರಿಮೈಗೆ ಕಂಬಳಿ ಸುತ್ತಿಕೊಂಡು ನಿಂತು ಕೂಗುತ್ತಿದ್ದ: "ಆಟ ಆಡದಿದ್ದರೆ ಹೋಗಲಿ, ಅವನು ಉಸಿರು ಬಿಡುವ ಮೊದಲು ನನ್ನ ಶರ್ಟು ಬಿಚ್ಚಿಸ್ರೋ!"

೩. ರೈಟರ್ ಬಂದ ಬುಧವಾರ

ಆ ಸಾಹುಕಾರರ ಎಸ್ಟೇಟಿನಿಂದ ವರ್ಷಕ್ಕೊಮ್ಮೆ ಒಂದು ದೊಡ್ಡ ಆರ್ಡರ್ ಬರುತ್ತದೆ. ಲೆಕ್ಕ ಬರೆಯುವ ರೈಟರುಗಳು, ಮೇಸ್ತ್ರಿಗಳು, ವಾಚರುಗಳು, ಡ್ರೈವರು, ಎಲ್ಲರಿಗೂ ಖಾಕಿ ಕೋಟು, ಚಡ್ಡಿ. ನಮ್ಮ ಮನೆಯಲ್ಲಿ ಅರ್ಧ ವರ್ಷ ಒಲೆ ಉರಿಯುವುದು ಅದರಿಂದ. ಕಪ್ಪಿನ ಫೈನಲ್‌ಗೆ ಸಾಹುಕಾರರ ಟೀಮೂ ಕುಟ್ಟದ ಒಂದು ಎಸ್ಟೇಟಿನ ಟೀಮೂ ಬಂದವು. ಅದಕ್ಕೆ ನಾಲ್ಕು ದಿನ ಮುಂಚೆ ಎಸ್ಟೇಟಿನ ರೈಟರ್ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತ.

"ಈ ಸಲ ಕೋಟು ತಲೆಗೆ ಎರಡೆರಡು ಹೊಲಿಸೋಣ ಅಂತಿದ್ದಾರೆ ಸಾವ್ಕಾರ್ರು. ಆದರೆ ಭಾನುವಾರ ಕಳೀಲಿ ಅಂದ್ರು."

"ಭಾನುವಾರ ಏನಿದೆ?" ಎಂದರು ನಮ್ಮವರು. ನಿಜವಾಗಿಯೂ ಹಾಗೇ ಕೇಳಿದರು! ರೈಟರ್ ಅಲ್ಲೇ ಗುಂಡಿ ಹಚ್ಚುತ್ತಾ ಕೂತಿದ್ದ ನನ್ನ ಮುಖ ನೋಡಿದ. ನಾನು ಗೋಡೆಯ ಮುಖ ನೋಡಿದೆ.

ಅವನು ಹೋದ ಮೇಲೆ ನಾನು ಮೆಲ್ಲಗೆ ಹೇಳಿದೆ: "ರೀ, ತೊಂಬತ್ತು ಸಲ ಊದುವ ಸೀಟಿ ಒಂದು ಸಲ ಕಡಿಮೆ ಊದಿದರೆ ಆಕಾಶ ಬೀಳುತ್ತದಾ?"

"ನಾನು ಇಲ್ಲಿಯವರೆಗೆ ಯಾರದಾದರೂ ಬಟ್ಟೆಯಲ್ಲಿ ಒಂದು ಗೇಣು ಕದ್ದಿದ್ದೇನಾ? ಇನ್ನು ಗೋಲು ಕದಿಯಲಾ?"

"ಬಟ್ಟೆಯನ್ನಾದರೂ ಕದ್ದಿದ್ದರೆ ಮಗಳಿಗೆ ಒಂದು ಲಂಗವಾಗುತ್ತಿತ್ತು" ಎಂದೆ.

೪. ಪಾಪದ ಹೆಂಗಸು

ಫೈನಲ್ ನೋಡಲು ಮಗಳನ್ನು ಎತ್ತಿಕೊಂಡು ನಾನೂ ಹೋದೆ. ಎಸ್ಟೇಟಿನ ಕೂಲಿ ಲೈನಿನ ಹೆಂಗಸರ ಮಧ್ಯೆ ಕೂತೆ. ಅವರಿಗೆ ನನ್ನ ಗುರುತಿಲ್ಲ. ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು, ಎರಡು ಕಡೆಗೂ ಗೋಲಿಲ್ಲ. ಆಗ ಸಾಹುಕಾರರ ಟೀಮಿನವನೊಬ್ಬ ತಮ್ಮ ಗೋಲಿನ ಮುಂದೆಯೇ ಚೆಂಡನ್ನು ಕೈಯಿಂದ ತಳ್ಳಿದ. ನನಗೂ ಕಂಡಿತು. 'ದೇವರೇ, ಇವರೊಬ್ಬರಿಗೆ ಕಾಣದಿರಲಿ' ಎಂದು ಬೇಡಿಕೊಂಡೆ. ಸೂಜಿಗೆ ದಾರ ಪೋಣಿಸಲು ಕನ್ನಡಕ ಹುಡುಕುವ ಮನುಷ್ಯ, ಅರ್ಧ ಮೈದಾನದಾಚೆಯಿಂದ ಅದನ್ನು ಕಂಡು ಸೀಟಿ ಊದಿದರು. ಪೆನಾಲ್ಟಿ. ಗೋಲು. ಕುಟ್ಟದವರಿಗೆ ಕಪ್ಪು.

ಸಾಹುಕಾರರು ಕುರ್ಚಿಯಿಂದೆದ್ದು, ಸೇರಿದ್ದವರ ಮುಂದೆಲ್ಲ ಗುಡುಗಿದರು: "ಇದು ಮೋಸದ ತೀರ್ಪು! ಇನ್ನು ನನ್ನ ಎಸ್ಟೇಟಿನ ಒಂದು ಗುಂಡಿಯನ್ನೂ ಈ ಟೈಲರಿಗೆ ಕೊಡುವುದಿಲ್ಲ!"

ಪಕ್ಕದ ಹೆಂಗಸು ಎಲೆಯಡಿಕೆ ಉಗಿದು ನನಗೆ ಹೇಳಿದಳು: "ಇಂಥವನನ್ನು ಕಟ್ಟಿಕೊಂಡವಳು ಯಾವಳೋ, ಅವಳ ಗತಿ ನೆನೆಸು ತಂಗಿ."

"ಹೌದಕ್ಕಾ, ಪಾಪದ ಹೆಂಗಸು" ಎಂದೆ. ಮನಸ್ಸಿನಿಂದಲೇ ಅಂದೆ.

೫. ನಲವತ್ತೆರಡು, ನಲವತ್ತನಾಲ್ಕು

ಮರುವಾರ ಕುಟ್ಟದವರು ಸಂತೋಷಪಟ್ಟು, ತಮ್ಮ ಎಸ್ಟೇಟಿನ ಬಟ್ಟೆಯೆಲ್ಲ ನಮಗೇ ಕೊಡುತ್ತೇವೆಂದು ಹೇಳಿ ಕಳಿಸಿದರು. ಗೆದ್ದವರಿಂದ ತೆಗೆದುಕೊಂಡರೆ ಜನ ಏನೆಂದುಕೊಂಡಾರು ಎಂದು ಯಜಮಾನರು ಬೇಡವೆಂದರು. ಸೋತವರು ಕೊಡುವುದಿಲ್ಲ, ಗೆದ್ದವರಿಂದ ಇವರು ತೆಗೆದುಕೊಳ್ಳುವುದಿಲ್ಲ. ಎರಡು ದಿನ ನಾನು ಮಾತು ಬಿಟ್ಟೆ. ನಾನು ಮಾತು ಬಿಟ್ಟದ್ದು ಅವರಿಗೆ ಗೊತ್ತಾಗಲೇ ಇಲ್ಲ; ಮನೆ ತಣ್ಣಗಿದೆ ಎಂದು ಸಂತೋಷವಾಗಿದ್ದರು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಜೀಪು ನಿಂತಿತು. ಇಳಿದವರು ಸಾಹುಕಾರರೇ. ಆರ್ಡರನ್ನು ದೂರದ ಟೈಲರೊಬ್ಬನಿಗೆ ಕೊಟ್ಟಿದ್ದರಂತೆ. ಅವನು ತೋಟಕ್ಕೆ ಬಂದು ಅಳೆಯುವ ಬದಲು ಎಲ್ಲರಿಗೂ ಒಂದೇ ಅಳತೆಗೆ ಹೊಲಿದುಬಿಟ್ಟನಂತೆ. ಮೇಸ್ತ್ರಿಗಳು ಕಾಫಿ ಮೂಟೆ ಕಟ್ಟುವ ಹಗ್ಗದಲ್ಲಿ ಚಡ್ಡಿ ಬಿಗಿದುಕೊಂಡು ಹಣ್ಣಿನ ಪಿಕ್ಕಿಂಗ್ ನೋಡಿಕೊಳ್ಳುತ್ತಿದ್ದಾರಂತೆ.

ಸಾಹುಕಾರರು ಯಜಮಾನರನ್ನು ನೋಡದೆ ನನ್ನೊಂದಿಗೆ ಮಾತಾಡಿದರು. "ನೋಡಮ್ಮ, ಈ ಟೈಲರಿಗೆ ಕೊಡಲ್ಲ ಅಂತ ಎಲ್ಲರೆದುರು ಅಂದಿದ್ದೇನೆ. ಮಾತು ಮಾತೇ. ನೀನು ಹೊಲೀತೀಯಾ?"

"ಹೊಲಿಯದೆ ಏನು ಸಾವ್ಕಾರ್ರೆ. ಅಂಗಡಿ ನಂದೇ. ಇವರು ಗುಂಡಿ ಹಚ್ಚಲು ಇದ್ದಾರೆ" ಎಂದೆ. ಯಜಮಾನರು ಬಾಯಿ ತೆರೆದರು. ನಾನು ಕಣ್ಣು ಬಿಟ್ಟೆ. ಮುಚ್ಚಿದರು.

"ಸರಿ. ಮೊದಲು ನನಗೊಂದು ಕೋಟು. ಅದು ಮೈಗೆ ಕೂತರೆ ಎಸ್ಟೇಟಿನ ಆರ್ಡರೆಲ್ಲ ನಿನಗೆ. ಕೂರದಿದ್ದರೆ ಇಲ್ಲ."

ಗಂಡಸರ ಅಳತೆ ನಾನು ತೆಗೆಯುವ ಹಾಗಿಲ್ಲ. ಯಜಮಾನರು ಟೇಪು ಹಿಡಿದರು, ನಾನು ಪೆನ್ಸಿಲು ಹಿಡಿದೆ. ಹೊಟ್ಟೆಯ ಹತ್ತಿರ ಟೇಪು ಬರುತ್ತಿದ್ದಂತೆ ಸಾಹುಕಾರರು ಉಸಿರನ್ನು ಒಳಗೆಳೆದುಕೊಂಡು ಕಂಬದಂತೆ ನಿಂತರು.

"ಉಸಿರು ಬಿಡಿ" ಎಂದರು ಯಜಮಾನರು.

"ಬಿಟ್ಟೇ ಇದ್ದೇನೆ."

"ಇಲ್ಲ, ಹಿಡಿದಿದ್ದೀರಿ."

ಮುಖ ಕೆಂಪಾಯಿತು, ಆಮೇಲೆ ನೇರಳೆಯಾಯಿತು. ಯಜಮಾನರು ಟೇಪು ಹಿಡಿದು ಕಾಯುತ್ತಲೇ ಇದ್ದರು. ಕೊನೆಗೆ ಸಾಹುಕಾರರು ಉಸ್ಸೆಂದು ಉಸಿರು ಬಿಟ್ಟರು.

"ನಲವತ್ತನಾಲ್ಕು" ಎಂದರು ಯಜಮಾನರು.

"ನಲವತ್ತೆರಡು! ಹೋದ ವರ್ಷವೂ ನಲವತ್ತೆರಡು, ನನ್ನ ಮದುವೆಯಲ್ಲೂ ನಲವತ್ತೆರಡು!"

"ನಲವತ್ತನಾಲ್ಕು."

ಇಬ್ಬರೂ ನನ್ನ ಕಡೆ ತಿರುಗಿದರು. ಅರ್ಧ ವರ್ಷದ ಅಕ್ಕಿ ನನ್ನ ಪೆನ್ಸಿಲಿನ ತುದಿಯಲ್ಲಿತ್ತು. ನಾನು ಸಾಹುಕಾರರಿಗೆ ಕಾಣುವಂತೆ ದೊಡ್ಡದಾಗಿ ನಲವತ್ತೆರಡು ಎಂದು ಬರೆದೆ. ಅವರು ಜೀಪು ಹತ್ತಿದ ಮೇಲೆ ನಲವತ್ತನಾಲ್ಕಕ್ಕೆ ಕತ್ತರಿ ಹಾಕಿಸಿದೆ.

ವಾರ ಕಳೆದು ಸಾಹುಕಾರರು ಬಂದು ಕೋಟು ತೊಟ್ಟರು. ಗುಂಡಿ ಹಾಕಿದರು. ಕೂತರು, ಎದ್ದರು, ಕನ್ನಡಿಯ ಮುಂದೆ ಎರಡು ಸುತ್ತು ಹಾಕಿದರು. ಆರ್ಡರಿನ ಚೀಟಿಯನ್ನು ನನ್ನ ಕೈಗೆ ಕೊಟ್ಟು, ಗುಂಡಿ ಹಚ್ಚುತ್ತಿದ್ದ ಯಜಮಾನರ ಕಡೆ ಬೆರಳು ತೋರಿಸಿ ಹೇಳಿದರು:

"ನೋಡಿದೆಯೇನಮ್ಮ? ನಲವತ್ತೆರಡೇ ಸರಿ, ಇನ್ನೂ ಸ್ವಲ್ಪ ಸಡಿಲವೇ ಇದೆ. ನಾನು ಅವತ್ತೇ ಅಂದಿರಲಿಲ್ಲವಾ, ಈ ಮನುಷ್ಯನ ತೀರ್ಪೇ ಮೋಸ ಅಂತ!"