ಮೂರು ಮಿಲಿಸೆಕೆಂಡಿನ ನಡುಕ

ಇಷ್ಟಕ್ಕೆಲ್ಲ ಕಾರಣ ಒಂದು ಸಕ್ಕರೆಯ ಗೆರೆ.

ಜುಲೈ ರಜೆಗೆ ಮುಂಚಿನ ಕೊನೆಯ ಶುಕ್ರವಾರ. ಓಡೆನ್ಸೆ ಊರಿನ ಆ ಸಣ್ಣ ರೋಬೋಟ್ ಕಂಪನಿಯಲ್ಲಿ ಬೆಳಿಗ್ಗೆ ಏಳೂವರೆಗೆ ಯಂತ್ರದ ತೋಳು ಬಳೆಯ ಮೇಲೆ ಬಳೆ ಪೇರಿಸಿ ಮಾಡುವ ಬಾದಾಮಿ ಕೇಕಿನ ಮೇಲೆ ಬಿಳಿ ಐಸಿಂಗಿನ ಅಲೆ ಬರೆಯುತ್ತಿತ್ತು. ಒಂದು ಅಲೆ, ಎರಡು, ಮೂರು, ನಾಲ್ಕು, ಆಮೇಲೆ ತೋಳು ಸಣ್ಣಗೆ ಬೆಚ್ಚಿತು. ಅಲ್ಲೊಂದು ಹನಿ ದಪ್ಪಗೆ ಕೂತು ಗೆರೆ ಪಕ್ಕಕ್ಕೆ ಹಾರಿತು. ನಿದ್ದೆಗಣ್ಣಲ್ಲಿ ರಂಗೋಲಿ ಇಡುವವಳನ್ನು ಯಾರೋ ಹಿಂದಿನಿಂದ ಕೂಗಿದ ಹಾಗೆ.

ಯಜಮಾನಿ ಬೆಂಟೆ ಕೇಕನ್ನು ನೋಡಿದಳು, ಆಮೇಲೆ ತೋಳಿನ ಕಂಪ್ಯೂಟರ್ ಕೋಡು ನೋಡಿಕೊಳ್ಳುವ ಟೊರ್ಕಿಲ್‌ನನ್ನು ನೋಡಿದಳು.

"ಒಂದೂವರೆಗೆ ಫೋಬೋರ್ಗ್ ಊರಿನ ಬೇಕರಿ ಯಜಮಾನರು ಹೆರ್ಲುಫ್ ಬರ್ತಾರೆ. ಹನ್ನೆರಡು ತೋಳು ಬೇಕು ಅಂದಿದಾರೆ. ಅಷ್ಟರೊಳಗೆ ಈ ನಡುಕ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ನಾವೆಲ್ಲ ಮೂರು ವಾರ ರಜೆಗೆ ಹೋಗ್ತೀವಿ, ನೀನು ಇಲ್ಲೇ ಇರ್ತೀಯ."

ಟೊರ್ಕಿಲ್‌ನ ಮನೆಯಲ್ಲಿ ಹೆಂಡತಿ ಸಿಸ್ಸೆ ಒಳಗೇ ಮಲಗುವ ಗಾಡಿಯನ್ನು, ಕ್ಯಾರವಾನನ್ನು, ಕಾರಿನ ಹಿಂದೆ ಕಟ್ಟಿ ಆಗಿತ್ತು. ನಾಲ್ಕು ಗಂಟೆಗೆ ಸ್ಕಾಗೆನ್ನಿನ ಸಮುದ್ರದ ಕಡೆ ಪ್ರಯಾಣ. ಹೋದ ವರ್ಷ ಅವನ ಜಾಗದಲ್ಲಿ ಅತ್ತೆ ಹೋಗಿದ್ದರು, ಅದರ ಹಿಂದಿನ ವರ್ಷವೂ ಅತ್ತೆಯೇ. "ಈ ಸಲ ಬರ್ಲಿಲ್ಲ ಅಂದ್ರೆ ನಿನ್ನ ಹಾಸಿಗೆ ಅಮ್ಮನ ಹೆಸರಿಗೆ ಬರೆದುಬಿಡ್ತೀನಿ," ಎಂದು ಸಿಸ್ಸೆ ಕಾಫಿ ಕೊಡುವಾಗಲೇ ಹೇಳಿದ್ದಳು.

ಹತ್ತು ನಿಮಿಷದಲ್ಲಿ ಯಂತ್ರದ ಸುತ್ತ ಏಳು ಜನ ಸೇರಿದರು. ಪಕ್ಕದ ಮೇಜಿನ ಕೆಲ್ಡ್ ಸ್ಪ್ಯಾನರ್ ಹಿಡಿದೇ ಬಂದ.

"ಬೋಲ್ಟ್ ಸಡಿಲ ಆಗಿದೆ, ಅಷ್ಟೇ."

"ಬೋಲ್ಟ್ ಅಲ್ಲ ಕಣೋ, ಮುಟ್ಬೇಡ," ಎಂದ ಟೊರ್ಕಿಲ್.

ಕೆಲ್ಡ್ ಮುಟ್ಟಿದ. ಬೋಲ್ಟು ಬಿಗಿ ಮಾಡಿ, ಇರಲಿ ಎಂದು ಎಣ್ಣೆಯನ್ನೂ ಬಿಟ್ಟ. ಎಣ್ಣೆ ಸೀದಾ ಕೇಕಿಗೆ ಇಳಿಯಿತು. ಬೆಂಟೆಯ ಕಣ್ಣಿಗೆ ಬೀಳಬಾರದೆಂದು ಆ ಬಳೆಯನ್ನು ತಾನೇ ತಿಂದು ಮುಗಿಸಿ, "ಏನೂ ಗೊತ್ತಾಗಲ್ಲ," ಎಂದು ಬಾಯಿ ಒರೆಸಿಕೊಂಡ.

ಟೊರ್ಕಿಲ್‌ಗೆ ರೋಗದ ಮೂಲ ಗೊತ್ತಿತ್ತು. ಸೆಕೆಂಡಿಗೆ ಸಾವಿರ ಸಲ ತೋಳು ಬಂದು "ಈಗ ಎಲ್ಲಿಗೆ?" ಎಂದು ಕೇಳುತ್ತದೆ. ಕಂಪ್ಯೂಟರಿನ ಒಳಗೆ ಕೆಲಸ ಹಂಚುವ ಮೇಸ್ತ್ರಿ, ಅದೇ ಕರ್ನಲ್ ಅನ್ನುವುದು, ಆ ಕ್ಷಣಕ್ಕೇ ಉತ್ತರ ಕೊಡಬೇಕು. ಅವನನ್ನು ಕಟ್ಟಿದ್ದೇ ಅದಕ್ಕೆ. ಆದರೆ ಅವನ ಕೋಣೆಯಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಬೇಕರಿಯವರ ಗುಟ್ಟುಗಳನ್ನು ಬೇರೆಯವರು ಓದದಂತೆ ಗೂಢಲಿಪಿಗೆ ತಿರುಗಿಸಿ ಬೀಗ ಹಾಕುವ ಕೆಲಸ. ಆ ಬೀಗದ ಕೋಡು ಕೂತಿತೆಂದರೆ ಒಳಗಿಂದ ಚಿಲಕ ಹಾಕಿಕೊಂಡು, ಇಡೀ ಮೂಟೆ ಮುಗಿಯುವವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಮೂರು ಮಿಲಿಸೆಕೆಂಡು. ಅಷ್ಟು ಹೊತ್ತು ತೋಳು ಹೊರಗೆ ಬಾಗಿಲು ಬಡಿಯುತ್ತ ನಿಂತು, ತೆರೆದ ಕೂಡಲೇ ತಡವಾಯಿತೆಂದು ಹಾರುತ್ತಿತ್ತು.

ಆ ಕೋಡನ್ನು ಬರೆದವನು ಅಸ್ಗರ್. ಅದರ ತಂಟೆಗೆ ಹೋಗುವುದೆಂದರೆ ಅವನ ತಂಟೆಗೆ ಹೋದಂತೆ.

"ಐದು ವರ್ಷದಿಂದ ನನ್ನ ಕೋಡು ಒಂದು ಅಕ್ಷರ ಹೊರಗೆ ಬಿಟ್ಟಿಲ್ಲ," ಎಂದ ಅಸ್ಗರ್.

"ಒಳಗೂ ಯಾರನ್ನೂ ಬಿಟ್ಟಿಲ್ಲ. ಅದೇ ಕಷ್ಟ ಆಗಿರೋದು," ಎಂದ ಟೊರ್ಕಿಲ್.

"ಬೀಗ ತೆಗೀಬೇಕು ಅಂತೀಯ?"

"ಬೀಗ ಇರ್ಲಿ ಮಾರಾಯ. ಮಧ್ಯ ಮಧ್ಯ ಬಾಗಿಲು ತೆಗೆದು ನೋಡು ಅಂತೀನಿ."

ಅಸ್ಗರ್ ಮುಖ ಗಂಟಿಕ್ಕಿಕೊಂಡು ಯಂತ್ರದ ಪಕ್ಕದಲ್ಲೇ ಕಾವಲು ನಿಂತ. ಟೊರ್ಕಿಲ್ ಕೋಡಿಗೆ ಕೈ ಹಾಕಿದ. ಆತುರದಲ್ಲಿ ಹದಿನಾರು ಅಕ್ಷರಕ್ಕೊಮ್ಮೆ ಬಾಗಿಲು ತೆರೆಯುವಂತೆ ಮಾಡಿದ. ಆಗ ತೆರೆಯುವುದು ಮುಚ್ಚುವುದರಲ್ಲೇ ಹೊತ್ತೆಲ್ಲ ಹೋಯಿತು. ಬೀಗ ಕಾಣದ ಮೂಟೆಗಳು ಒಂದರ ಮೇಲೊಂದು ಬಿದ್ದು ಒಳಗೆ ಜಾಗವೇ ಇಲ್ಲದಾಯಿತು. ತೋಳು ಅರ್ಧ ಕೇಕಿನಲ್ಲಿ ಮೂತಿ ಮೇಲೆತ್ತಿ ನಿಂತುಬಿಟ್ಟಿತು. ಐಸಿಂಗ್ ಮಾತ್ರ ನಿಲ್ಲಲಿಲ್ಲ. ಅದು ಇಳಿದದ್ದು, ಏನಾಯಿತೆಂದು ಬಗ್ಗಿ ನೋಡುತ್ತಿದ್ದ ಅಸ್ಗರನ ಬೋಳುತಲೆಯ ಮೇಲೆ.

"ಬಳೆ ಆಕಾರ ಬಂದಿದೆ," ಎಂದ ಕೆಲ್ಡ್. "ಬಾದಾಮಿ ಒಂದು ಕಮ್ಮಿ."

ಹನ್ನೊಂದೂವರೆಗೆ ಊಟದ ಹೊತ್ತು. ಭೂಮಿ ಬಿರಿದರೂ ಅಲ್ಲಿ ಆ ಹೊತ್ತು ತಪ್ಪುವುದಿಲ್ಲ. ಟೊರ್ಕಿಲ್‌ಗೆ ರೈ ಧಾನ್ಯದ ಬ್ರೆಡ್ಡು ಬೇಡವಾಯಿತು. ಒಂದು ಕಪ್ ಕಾಫಿಯಾದರೂ ಕುಡಿಯೋಣವೆಂದು ಹೋದರೆ ಕಾಫಿ ಯಂತ್ರದ ಮುಂದೆ ಅಸ್ಗರ್, ಒದ್ದೆ ತಲೆಯಲ್ಲಿ. ಮೀಟಿಂಗಿಗೆಂದು ಇಪ್ಪತ್ತು ಕಪ್ಪಿನ ಥರ್ಮಾಸಿಗೆ ಒಂದೊಂದೇ ಕಪ್ ಹಿಡಿದು ಸುರಿಯುತ್ತಿದ್ದ. ಹಿಂದೆ ನಾಲ್ಕು ಜನ ಖಾಲಿ ಕಪ್ ಹಿಡಿದು ನಿಂತಿದ್ದರು.

"ಒಂದೇ ಕಪ್ ಅಸ್ಗರ್, ಮಧ್ಯ ಬಿಡು," ಎಂದ ಟೊರ್ಕಿಲ್.

"ಶುರು ಮಾಡಿದ್ದು ಮುಗಿಸ್ಬೇಕು. ಮಧ್ಯ ಬಿಟ್ರೆ ಎಣಿಕೆ ತಪ್ಪತ್ತೆ."

"ಆ ಕೋಡಿಗೆ ತಂದೆ ಯಾರು ಅಂತ ಕೇಳ್ಬೇಕಾಗೇ ಇಲ್ಲ ಬಿಡಿ," ಎಂದ ಸಾಲಿನ ಕೊನೆಯಲ್ಲಿದ್ದ ಕೆಲ್ಡ್.

ಟೊರ್ಕಿಲ್ ಹೇಳಿದ, "ಕಪ್ಪಿಗೊಮ್ಮೆ ಬೇಡಪ್ಪ. ನಾಲ್ಕು ಕಪ್ ತುಂಬ್ಸು, ಒಬ್ಬನ್ನ ಬಿಡು. ಮತ್ತೆ ನಾಲ್ಕು ತುಂಬ್ಸು..." ಹೇಳುತ್ತಿದ್ದವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡು ತಿರುಗಿ ಓಡಿದ. ಅಸ್ಗರ್ ಅಪರೂಪಕ್ಕೆ ಮನಸ್ಸು ಕರಗಿ "ತಗೋ ಹಾಗಾದ್ರೆ" ಎಂದು ಕಪ್ ಚಾಚಿದರೆ ತೆಗೆದುಕೊಳ್ಳಲು ಆಳೇ ಇಲ್ಲ.

ಈ ಸಲ ನಾಲ್ಕು ಸಾವಿರ ಅಕ್ಷರಕ್ಕೊಮ್ಮೆ ಬಾಗಿಲು. ಅಷ್ಟು ಮಾಡು, ತಲೆ ಎತ್ತು, ಹೊರಗೆ ಯಾರಾದರೂ ಇದ್ದರೆ ಮೊದಲು ಅವರನ್ನು ಕಳಿಸು, ಮತ್ತೆ ಕೂರು. ಅಸ್ಗರ್ ಹಟಕ್ಕೆ ಬಿದ್ದು ಕಂಪನಿಯ ಹತ್ತು ವರ್ಷದ ಕಡತವನ್ನೆಲ್ಲ ಬೀಗ ಹಾಕೆಂದು ಯಂತ್ರಕ್ಕೆ ಸುರಿದ. ತೋಳು ಜಗ್ಗಲಿಲ್ಲ. ಅತಿ ಹೆಚ್ಚು ಕಾದದ್ದೆಂದರೆ ಒಂದು ಮಿಲಿಸೆಕೆಂಡಿನ ಇಪ್ಪತ್ತೈದರಲ್ಲೊಂದು ಪಾಲು. ಅಲೆಗಳು ದಾರ ಹಿಡಿದು ಬರೆದಂತೆ ಬಂದವು. ಬೆಂಟೆ ತೋಳಿನ ದಾರಿಗೆ ತನ್ನ ಕೈಯನ್ನೇ ಅಡ್ಡ ಹಿಡಿದಳು. ಒಂದು ಕೂದಲು ದೂರದಲ್ಲಿ ಅದು ಗಕ್ಕನೆ ನಿಂತಿತು.

"ನಿನ್ನೆ ಆಗಿದ್ರೆ ಬೆರಳಿಗೆ ಪೆಟ್ಟು ಬೀಳ್ತಿತ್ತು," ಎಂದಳು.

ಅಸ್ಗರ್ ತನ್ನ ಬೀಗವನ್ನು ಎರಡು ಸಲ ಎಳೆದು ನೋಡಿದ. ಕೆಮ್ಮಿದ. "ಗಟ್ಟಿಯಾಗೇ ಇದೆ." ಅವನ ಬಾಯಲ್ಲಿ ಆ ಮಾತು ಬಂದರೆ ಹಾರ ತುರಾಯಿ ಹಾಕಿದಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಕೇಕಿನ ನೆತ್ತಿಗೆ ತಮ್ಮ ದೇಶದ ಕೆಂಪು ಬಿಳಿಯ ಪುಟ್ಟ ಬಾವುಟ ಚುಚ್ಚಿದರು. ಟೊರ್ಕಿಲ್ ಹೆಂಡತಿಗೆ "ಬಂದೆ" ಎಂದು ಬರೆದು ಕಳಿಸಿದ. ಬೆಳಗಿನಿಂದ ಬಗ್ಗಿದ್ದ ಬೆನ್ನು ಆಗ ನೆಟ್ಟಗಾಯಿತು.

ಒಂದೂವರೆಗೆ ಹೆರ್ಲುಫ್ ಬಂದರು. ಎಪ್ಪತ್ತು ದಾಟಿದ, ಹಿಟ್ಟಿನಲ್ಲೇ ಬದುಕಿದ ಮನುಷ್ಯ. ಕನ್ನಡಕ ಏರಿಸಿ ಬಳೆಗಳ ಸುತ್ತ ಒಂದು ಪ್ರದಕ್ಷಿಣೆ ಬಂದು, ಕನ್ನಡಕ ಇಳಿಸಿದರು.

"ಹೋದ ತಿಂಗಳು ನೀನು ಕಳಿಸಿದ ವಿಡಿಯೋದಲ್ಲಿ ಹೀಗಿರ್ಲಿಲ್ಲವಲ್ಲ ಬೆಂಟೆ."

"ಅದರಲ್ಲಿ ದೋಷ ಇತ್ತು. ನಮ್ಮ ಟೊರ್ಕಿಲ್ ಇವತ್ತು ತೆಗೆದುಹಾಕ್ದ."

"ಅದನ್ನ ನೋಡೇ ಅಲ್ವೇನಮ್ಮ ನಾನು ಹನ್ನೆರಡು ಹೇಳಿದ್ದು." ಮುದುಕರು ಪಕ್ಕದ ಸ್ಟೂಲಿನ ಮೇಲೆ ಕೂತರು. "ನಾಲ್ಕು ಅಲೆ ಎಳೆದು ಒಂದು ಸಲ ಬೆಚ್ಚೋದು, ಅಲ್ಲೊಂದು ಹನಿ ಕೂರೋದು. ಅದು ನಮ್ಮಜ್ಜನ ಕೈ. ಆ ಹನಿ ನೋಡೇ ಊರಲ್ಲಿ ಇದು ಇಂಥವರ ಕೇಕು ಅಂತಿದ್ರು. ಅಜ್ಜ ಹೋಗಿ ಐವತ್ತು ವರ್ಷ. ನಿಮ್ಮ ಯಂತ್ರಕ್ಕೆ ಅದು ಹೇಗೆ ಬಂತು ಅಂತ ನಾನು ಕಣ್ಣೀರು ಹಾಕ್ದೆ."

ಟೊರ್ಕಿಲ್ ಗಡಿಯಾರ ನೋಡಿದ.

"ಹಳೇ ಕೋಡು ಇದೆ. ಒಂದು ನಿಮಿಷ, ವಾಪಸ್ ಹಾಕ್ತೀನಿ."

"ಹಾಕೋ ಹಾಗಿಲ್ಲ," ಎಂದಳು ಬೆಂಟೆ. "ಅದು ಕೈ ಅಡ್ಡ ಬಂದ್ರೂ ತಡವಾಗೇ ನಿಲ್ಲತ್ತೆ. ಗೆರೆ ಬೆಚ್ಬೇಕು, ಯಂತ್ರ ತಡ ಮಾಡ್ಬಾರ್ದು."

"ಅಂದ್ರೆ ತಡ ಆಗೋದೂ ಹೊತ್ತಿಗೆ ಸರಿಯಾಗಿ ಆಗ್ಬೇಕು," ಎಂದು ಅಸ್ಗರ್ ಬಿಡಿಸಿ ಹೇಳಿದ. ಬೆಳಗಿನಿಂದ ಅವನು ನಕ್ಕದ್ದು ಅದೇ ಮೊದಲು.

"ಅವಸರ ಇಲ್ಲಪ್ಪ," ಎಂದರು ಹೆರ್ಲುಫ್. "ಮದುವೆ ಕೇಕು ಶುರುವಾಗೋದು ಆಗಸ್ಟಿಗೆ. ಇನ್ನೂ ಮೂರು ವಾರ ಇದೆ."

ಎರಡು ಗಂಟೆಗೆ ಹೆರ್ಲುಫ್ ಒಬ್ಬರನ್ನು ಬಿಟ್ಟು ಎಲ್ಲರೂ ಹೊರಟರು. ಹೋಗುವವರೆಲ್ಲ ಟೊರ್ಕಿಲ್‌ನ ಬೆನ್ನು ತಟ್ಟಿ, ಇಂಥ ಕೆಲಸ ಈ ಕಟ್ಟಡದಲ್ಲಿ ಯಾರೂ ಮಾಡಿರಲಿಲ್ಲ ಎಂದರು. ಅದು ನಿಜವೂ ಆಗಿತ್ತು. ಫೋನು ಗುಯ್ಗುಟ್ಟಿತು. ಅವನು ಬರುವುದಿಲ್ಲವೆಂಬ ಸುದ್ದಿ ತಿಳಿದ ಸಿಸ್ಸೆ ಬರೆದಿದ್ದಳು: "ಅಮ್ಮ ಹತ್ತಿ ಕೂತಾಯ್ತು."

ಟೊರ್ಕಿಲ್ ಕುರ್ಚಿ ಎಳೆದುಕೊಂಡ. "ಸರಿ, ಅಜ್ಜನ ಕೈ ಹೇಗೆ ಬೆಚ್ತಿತ್ತು, ಒಂದು ಸಲ ಬರೆದು ತೋರಿಸಿ. ಅಳತೆ ತಗೋತೀನಿ."

ಹೆರ್ಲುಫ್ ಕೋಟು ಬಿಚ್ಚಿ, ಐಸಿಂಗ್ ಚೀಲ ಹಿಡಿದು, ಉಸಿರು ಬಿಗಿಹಿಡಿದು ಬಳೆಯ ತುಂಬ ಎಳೆದರು. ಗೆರೆ ಯಂತ್ರ ಬರೆದದ್ದಕ್ಕಿಂತ ನೇರವಾಗಿತ್ತು, ಎಲ್ಲೂ ಬೆಚ್ಚಿರಲಿಲ್ಲ.

"ನೋಡಿದ್ಯಾ," ಎಂದರು ಮುದುಕರು. "ಅರವತ್ತು ವರ್ಷದಿಂದ ಇದೇ ಕಷ್ಟ ನನಗೆ."